ಕಾರಿಗೆ ಟೋಪಿ ಹೊಂದಿಸುವ ಕೆಲಸ

(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಟೋಪಿ ಹಾಕುವ ವಿಷಯ ಎಂದ ಕೂಡಲೆ ಹಿಂದಿನ ಬೆಂಚಿನವರು ನಗುತ್ತಿದ್ದಾರೆ. ನಗಲಿ. ಮನುಷ್ಯರಿಗೆ ಟೋಪಿ ಹಾಕುವ ವಿದ್ಯೆ ಈ ಶಹರದಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಹೇಳಹೊರಟಿರುವುದು ಕಾರಿನ ಟೋಪಿ. ಬೇಕಾದಾಗ ಹಾಕಿ, ಬೇಡವಾದಾಗ ತೆಗೆದಿಡುವ ಫೈಬರ್ ಗ್ಲಾಸಿನ ಗಟ್ಟಿ ಟಾಪು. ಅದನ್ನು ಹಳೆಯ ಸ್ಪೋರ್ಟ್ಸ್ ಕಾರಿಗೆ ಹೇಗೆ ಹೊಂದಿಸುತ್ತಾರೆ ಎಂಬ ಕೆಲಸದ ವಿಚಾರ.

ಹೋಟೆಲಿನವರಿಗೆ ಇದೇಕೆ ಎಂದು ಕೇಳುವಿರಿ. ನಮ್ಮ ಹುಡುಗರಲ್ಲಿ ನಾಲ್ಕಾರು ಮಂದಿ ಗ್ಲಾಸು ತೊಳೆಯುವುದನ್ನು ಬಿಟ್ಟು ಫೈಬರ್ ವರ್ಕ್‌ಶಾಪುಗಳಿಗೆ ಸೇರಿದ್ದಾರೆ. ನೀರಿನ ಟಾಂಕಿ, ಮಾಡಿನ ಶೀಟು, ಅಂಗಡಿಯ ಬೋರ್ಡು ಮಾಡುತ್ತಾರೆ. ಅಪರೂಪಕ್ಕೆ ಹಳೆಯ ಕಾರಿನ ಕೆಲಸವೂ ಬರುತ್ತದೆ. ನಾವು ಕಲಿತದ್ದು ಮಿಡ್ಲ್ ಸ್ಕೂಲು, ದುಡಿದದ್ದು ಅಡಿಗೆಮನೆಯಲ್ಲಿ. ಈ ಕೆಲಸ ನಮಗೆ ತಿಳಿದದ್ದು ಆ ಹುಡುಗರ ಪಕ್ಕದಲ್ಲಿ ಕುಳಿತು, ನೋಡಿ, ಕೇಳಿ. ಕಂಡದ್ದರಲ್ಲಿ ಒಂದು ಮಾತು ಮಾತ್ರ ಬಹಳ ಮುಖ್ಯವೆಂದು ನಮಗೆ ತೋರಿತು. ತಯಾರಾಗಿ ಬಂದ ಟಾಪು ಯಾವ ಕಾರಿಗೂ ತಾನಾಗಿ ಕೂರುವುದಿಲ್ಲ. ಕೂರಿಸುವುದೇ ಕೆಲಸ, ಮತ್ತು ಆ ಕೆಲಸಕ್ಕೆ ಯಾರೂ ಲೆಕ್ಕ ಹಿಡಿಯುವುದಿಲ್ಲ.

ಈ ಟೋಪಿ ಹುಟ್ಟಿದ್ದು ಇಂಗ್ಲೆಂಡಿನ ಮಳೆಯಲ್ಲಿ. ಅಲ್ಲಿ ಎರಡೇ ಸೀಟಿನ, ಮೇಲೆ ಬಟ್ಟೆಯ ಹುಡ್ ಇರುವ ಚಿಕ್ಕ ಕಾರುಗಳನ್ನು ಕಟ್ಟುತ್ತಿದ್ದರು. ೧೯೫೮ರ ಮೇ ತಿಂಗಳಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್ ಎಂಬ ಕಾರು ಹೊರಬಂತು. ಆಕ್ಸ್‌ಫರ್ಡಿನ ಹತ್ತಿರ ಆಬಿಂಗ್ಡನ್ ಎಂಬ ಊರು, ಅಲ್ಲಿಯ ಎಂ.ಜಿ. ಕಾರ್ಖಾನೆಯಲ್ಲಿ ಅದರ ತಯಾರಿ. ಉದ್ದ ಸುಮಾರು ಹನ್ನೊಂದೂವರೆ ಅಡಿ, ೯೪೮ ಸಿ.ಸಿ.ಯ ಇಂಜಿನು. ಹೊರಗಡೆ ಬಾಗಿಲಿಗೆ ಹಿಡಿ ಇಲ್ಲ, ಡಿಕ್ಕಿಗೆ ಮುಚ್ಚಳವಿಲ್ಲ. ದೀಪಗಳೆರಡು ಬಾನೆಟ್ಟಿನ ಮೇಲೆ ಎದ್ದು ಕೂತಿದ್ದವು. ಜನ ಅದನ್ನು ಕಪ್ಪೆಗಣ್ಣಿನ ಕಾರು ಎಂದೇ ಕರೆದರು. ಬೆಲೆ ತೆರಿಗೆ ಸೇರಿ ೬೭೦ ಪೌಂಡಿನ ಆಸುಪಾಸು. ಕೈಯಲ್ಲಿ ಹೆಚ್ಚು ಕಾಸಿಲ್ಲದ ತರುಣರು ಕೊಳ್ಳಲಿ ಎಂದೇ ಮಾಡಿದ ಕಾರು ಅದು. ೧೯೬೧ರಲ್ಲಿ ಅದರ ಮೈಯನ್ನು ತಿದ್ದಿ, ಸ್ಪ್ರೈಟಿನ ಜೊತೆಗೇ ಎಂ.ಜಿ. ಮಿಡ್ಜೆಟ್ ಎಂಬ ಹೆಸರಿನಲ್ಲೂ ಮಾರಿದರು. ೧೯೬೨ರಲ್ಲಿ ಅವಕ್ಕೆ ಅಣ್ಣನಂತಹ ಎಂ.ಜಿ.ಬಿ. ಬಂತು. ಮಿಡ್ಜೆಟ್ಟಿನ ತಯಾರಿ ೧೯೭೯ರ ಕೊನೆಗೆ ನಿಂತಿತು, ೧೯೮೦ರಲ್ಲಿ ಎಂ.ಜಿ.ಬಿ.ಯೂ ನಿಂತು ಆ ಕಾರ್ಖಾನೆಗೇ ಬೀಗ ಬಿತ್ತು. ಗಿರಣಿಯ ಬೀಗ ಕಂಡ ನಮ್ಮ ಹಿರಿಯರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟೆಯ ಹುಡ್ ಬೇಸಿಗೆಗೆ ಚೆಂದ. ಚಳಿಗಾಲದಲ್ಲಿ ಅದರ ಸಂದಿಯಿಂದ ಗಾಳಿ ನುಗ್ಗುತ್ತದೆ, ನೀರು ತೊಡೆಯ ಮೇಲೆ ತೊಟ್ಟಿಕ್ಕುತ್ತದೆ. ಆದುದರಿಂದ ಗಟ್ಟಿ ಟಾಪಿಗೆ ಗಿರಾಕಿಗಳು ಹುಟ್ಟಿಕೊಂಡರು. ಉಕ್ಕಿನ ತಗಡನ್ನು ಒತ್ತಿ ಟಾಪು ಮಾಡಬೇಕಾದರೆ ಭಾರಿ ಪ್ರೆಸ್ಸು, ಭಾರಿ ಅಚ್ಚು. ಸಾವಿರಗಟ್ಟಲೆ ಮಾಲು ಹೋದರೆ ಮಾತ್ರ ಹಾಕಿದ ಹಣ ತಿರುಗಿ ಬಂದೀತು. ಫೈಬರ್ ಗ್ಲಾಸಿಗೆ ಆ ಗೊಡವೆ ಇಲ್ಲ. ಒಂದು ಕೊಟ್ಟಿಗೆ, ಒಂದು ಅಚ್ಚು, ನಾಲ್ಕು ಜನ ಕೆಲಸಗಾರರು ಇದ್ದರೆ ಸಾಕು. ಆಶ್ಲಿ, ಲೆನ್‌ಹ್ಯಾಮ್ ಎಂಬಂತಹ ಚಿಕ್ಕ ಕಂಪನಿಗಳು ಸ್ಪ್ರೈಟ್ ಮತ್ತು ಮಿಡ್ಜೆಟ್ಟುಗಳಿಗೆ ಟಾಪು ಮಾಡಿ ಮಾರಿದವು. ಆಗ ಇದು ಹೊಸ ಹುಚ್ಚೇನೂ ಆಗಿರಲಿಲ್ಲ. ಅಮೇರಿಕದಲ್ಲಿ ೧೯೫೩ರಲ್ಲೇ ಕಾರ್ವೆಟ್ ಎಂಬ ಕಾರಿನ ಇಡೀ ಮೈಯನ್ನು ಫೈಬರ್ ಗ್ಲಾಸಿನಲ್ಲಿ ಮಾಡಿದ್ದರು.

ಫೈಬರ್ ಗ್ಲಾಸು ಎಂದರೇನು? ಕಾಯಿಸಿದ ಗಾಜನ್ನು ನೂಲಿಗಿಂತ ಸಪೂರ ಎಳೆಯಾಗಿ ಎಳೆದು, ಕತ್ತರಿಸಿ, ಹಾಸಿ ಮಾಡಿದ ಚಾಪೆ. ಅದನ್ನು ಮ್ಯಾಟ್ ಎನ್ನುತ್ತಾರೆ. ಹಾಸು ಹೊಕ್ಕು ಏನೂ ಇಲ್ಲದ, ಎಳೆಗಳು ದಿಕ್ಕೆಟ್ಟು ಬಿದ್ದ ಚಾಪೆ. ಅದಕ್ಕೆ ಪಾಲಿಯೆಸ್ಟರ್ ರೆಸಿನ್ ಎಂಬ ಜೇನಿನಂತಹ ದ್ರವ ಕುಡಿಸಿದರೆ ಗಟ್ಟಿಯಾಗುತ್ತದೆ. ಬಲ ಬರುವುದು ಗಾಜಿನ ಎಳೆಯಿಂದ. ರೆಸಿನ್ ಅದನ್ನು ಹಿಡಿದಿಡುವ ಅಂಟು ಅಷ್ಟೇ. ರೆಸಿನ್ ಸುರಿದಷ್ಟೂ ಗಟ್ಟಿ ಎಂದು ತಿಳಿಯುವವರಿದ್ದಾರೆ. ತಪ್ಪು. ಮ್ಯಾಟಿನ ತೂಕಕ್ಕೆ ಎರಡು ಎರಡೂವರೆ ಪಾಲು ರೆಸಿನ್ ಸಾಕು; ಹೆಚ್ಚಾದರೆ ಮಾಲು ಭಾರವಾಗಿ ಪೆಡಸಾಗುತ್ತದೆ, ಪೆಟ್ಟು ಬಿದ್ದಲ್ಲಿ ಸೀಳುತ್ತದೆ. ಇಡ್ಲಿ ತಟ್ಟೆಗೆ ಎಣ್ಣೆ ಸವರುವ ಹಾಗೆ ಅಚ್ಚಿಗೆ ಮೇಣ ತಿಕ್ಕುತ್ತಾರೆ, ಇಲ್ಲದಿದ್ದರೆ ಮಾಲು ಬಿಡುವುದಿಲ್ಲ.

ಈಗ ತೊಡಕಿಗೆ ಬರೋಣ. ಒಬ್ಬ ಯಜಮಾನನ ಹತ್ತಿರ ಹಳೆಯ ಮಿಡ್ಜೆಟ್ ಇದೆ. ಎಲ್ಲಿಂದಲೋ ಒಂದು ಹಳೆಯ ಟಾಪು ತರುತ್ತಾನೆ. ಎರಡೂ ಮಿಡ್ಜೆಟ್ಟಿನವೇ, ಆದರೆ ಕೂರುವುದಿಲ್ಲ! ಯಾಕಂದರೆ ಹೆಸರು ಒಂದೇ ಇದ್ದರೂ ಕಾರು ಒಂದೇ ಅಲ್ಲ. ೧೯೬೪ರ ವರೆಗಿನ ಕಾರಿಗೆ ಇಳಿಸಿ ಏರಿಸುವ ಬಾಗಿಲ ಗಾಜಿರಲಿಲ್ಲ. ಪಕ್ಕಕ್ಕೆ ಕಳಚಿಡುವ ಪರದೆಯಂತಹ ಚೌಕಟ್ಟುಗಳಿದ್ದವು. ಆ ವರ್ಷ ಹಿಡಿ ತಿರುಗಿಸಿ ಏರಿಸುವ ಗಾಜು ಬಂತು, ಜೊತೆಗೆ ಮುಂದಿನ ಗಾಜೂ ಅದರ ಚೌಕಟ್ಟೂ ಬದಲಾದವು. ೧೯೬೬ರಲ್ಲಿ ಮತ್ತೊಂದು ಬದಲಾವಣೆ. ಅಲ್ಲಿಯ ತನಕ ಕಳಚಿ ಡಿಕ್ಕಿಯಲ್ಲಿಡುತ್ತಿದ್ದ ಹುಡ್ಡನ್ನು ಸೀಟಿನ ಹಿಂದೆಯೇ ಮಡಚಿ ಕೂರುವಂತೆ ಮಾಡಿದರು. ಅದಕ್ಕೆ ಜಾಗ ಬೇಕೆಂದು ಹಿಂಬದಿಯ ಅಂಚಿನ ಆಕಾರವನ್ನೇ ತಿದ್ದಿದರು. ಹೀಗಾಗಿ ೧೯೬೫ರ ಕಾರಿನ ಟಾಪನ್ನು ೧೯೬೭ರ ಕಾರಿನ ಮೇಲಿಟ್ಟರೆ ಮುಂದೆ ಹೊಂದಿಯೂ ಹಿಂದೆ ಹೊಂದುವುದಿಲ್ಲ.

ಇಸವಿ ಸರಿಯಾದರೂ ಮುಗಿಯಲಿಲ್ಲ. ಈ ಕಾರುಗಳಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ. ತಗಡಿನ ಮೈಯೇ ಬೆನ್ನೆಲುಬು. ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದರೆ ಇಡೀ ಕಾರು ನಡುವಿನಲ್ಲಿ ಬಳುಕುತ್ತದೆ. ಅರವತ್ತು ವರ್ಷದ ಕಾರು, ಎಷ್ಟೋ ಸಲ ಬೆಸುಗೆ ಹಾಕಿಸಿಕೊಂಡ ಮೈ. ಅಚ್ಚಿನಿಂದ ಬಂದ ಟಾಪು ಯಾವುದೋ ಒಂದು ಸರಿಯಾದ ಕಾರಿನ ಅಳತೆ. ಎದುರಿಗೆ ನಿಂತಿರುವ ಕಾರು ಬೇರೆಯದು. ಈ ಎರಡರ ನಡುವಿನ ಅಂತರವನ್ನು ಯಾರೋ ಕೈಯಿಂದ ತುಂಬಬೇಕು.

ತುಂಬುವುದು ಹೇಗೆ? ಮೊದಲು ಕಾರನ್ನು ಸಮತಟ್ಟಾದ ನೆಲದಲ್ಲಿ ತನ್ನ ನಾಲ್ಕು ಚಕ್ರಗಳ ಮೇಲೆ ನಿಲ್ಲಿಸಬೇಕು. ಜಾಕಿನ ಮೇಲೆ ನಿಲ್ಲಿಸಿ ಟಾಪು ಹೊಂದಿಸಿದರೆ, ಇಳಿಸಿದ ಮೇಲೆ ಅಳತೆ ತಪ್ಪುತ್ತದೆ, ಮೈ ಬಳುಕಿರುತ್ತದೆ. ಬಾಗಿಲು ಹಾಕಿ ಅದರ ಸುತ್ತಲಿನ ಸಂದಿ ಮೇಲಿನಿಂದ ಕೆಳಗಿನ ತನಕ ಒಂದೇ ಸಮ ಇದೆಯೇ ನೋಡಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ಜೋತುಬಿದ್ದಿದೆ ಎಂದು ಅರ್ಥ. ಆಗ ಮೊದಲು ತಗಡಿನ ಕೆಲಸ, ಆಮೇಲೆ ಟೋಪಿ. ತುಕ್ಕು ಹಿಡಿದ ಕಾರಿಗೆ ಟಾಪು ಹೊಂದಿಸುವುದು ಮುರಿದ ಕಾಲಿನ ಮೇಜಿಗೆ ಕಲ್ಲಿನ ಹಲಗೆ ಹಾಕಿದ ಹಾಗೆ.

ಆಮೇಲೆ ಇಬ್ಬರು ಹಿಡಿದು ಟಾಪನ್ನು ಸುಮ್ಮನೆ ಮೇಲಿಡಬೇಕು. ಬೋಲ್ಟು ಬೇಡ, ರಬ್ಬರು ಬೇಡ. ಮುಂದಿನ ಗಾಜಿನ ನಡುವಿನಿಂದ ಡಿಕ್ಕಿಯ ನಡುವಿಗೆ ಒಂದು ದಾರ ಎಳೆದು ಟಾಪಿನ ನಡುಗೆರೆ ಅದರ ಕೆಳಗೆ ಬರುವಂತೆ ಸರಿಸಬೇಕು. ಟಾಪು ಕಾರನ್ನು ಮುಟ್ಟುವುದು ಮೂರು ಕಡೆ: ಮುಂದಿನ ಗಾಜಿನ ಮೇಲಿನ ಪಟ್ಟಿ, ಬಾಗಿಲ ಗಾಜಿನ ಅಂಚು, ಸೀಟಿನ ಹಿಂದಿನ ಮೈ. ಮೂರನ್ನೂ ಒಟ್ಟಿಗೆ ಸರಿಮಾಡಲು ಹೋದವನು ಮೂರನ್ನೂ ಕೆಡಿಸುತ್ತಾನೆ. ಗಾಳಿ ಮಳೆ ಹೊಡೆಯುವುದು ಮುಂದೆ. ಆದುದರಿಂದ ಮುಂದಿನದನ್ನು ಮೊದಲು ಕೂರಿಸಿ, ಬಾಗಿಲ ಗಾಜಿಗೆ ಸರಿನೋಡಿ, ಉಳಿದ ತಪ್ಪನ್ನೆಲ್ಲ ಹಿಂದಕ್ಕೆ ತಳ್ಳಬೇಕು. ತಿದ್ದುವ ಜಾಗ ಹಿಂಬದಿ.

ಇಲ್ಲಿ ಒಂದು ಕಟ್ಟು ಇದೆ. ತಿದ್ದುವುದೇನಿದ್ದರೂ ಟಾಪನ್ನು, ಕಾರನ್ನಲ್ಲ. ಟಾಪು ಕೆಟ್ಟರೆ ಇನ್ನೊಂದು ಮಾಡಬಹುದು. ಕಾರಿನ ಆ ಹಳೆಯ ತಗಡಿಗೆ ತೂತು ಕೊರೆದರೆ ಅಲ್ಲಿಂದಲೇ ತುಕ್ಕು ಶುರು. ಹುಡ್ ಸಿಕ್ಕಿಸಲು ಕಾರ್ಖಾನೆಯವರೇ ಮಾಡಿಟ್ಟ ತೂತು, ಕೊಂಡಿಗಳಿವೆ. ಹಿಡಿತಗಳನ್ನು ಅವುಗಳಿಗೇ ಹೊಂದುವಂತೆ ಮಾಡಿಕೊಂಡರೆ ಜಾಣತನ.

ಹಿಂದಿನ ಅಂಚು ಉದ್ದವಾಗಿದ್ದರೆ ಕೆಲಸ ಸುಲಭ. ಕಾರಿನ ಮೈಗುಂಟ ಪೆನ್ಸಿಲು ಎಳೆದು ಗೆರೆ ಹಾಕಿ, ಗೆರೆಗಿಂತ ಸ್ವಲ್ಪ ಹೊರಗೆ ಕತ್ತರಿಸಿ, ಉಳಿದದ್ದನ್ನು ಉಪ್ಪುಕಾಗದದಿಂದ ತಿಕ್ಕಿ ಇಳಿಸುವುದು. ಗಿಡ್ಡವಾಗಿದ್ದರೆ ಹೊಸ ಅಂಚು ಕಟ್ಟಬೇಕು. ಕೈಗುಣ ಗೊತ್ತಾಗುವುದು ಅಲ್ಲಿಯೇ. ಹುಡುಗರು ಮಾಡುವ ಉಪಾಯ ಕೇಳಿ. ಬೇರೆ ಅಚ್ಚು ಮಾಡುವುದಿಲ್ಲ, ಕಾರನ್ನೇ ಅಚ್ಚು ಮಾಡಿಕೊಳ್ಳುತ್ತಾರೆ. ಕಾರಿನ ಹಿಂಬದಿಗೆ ದೂರದವರೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಟಾಪು ಕೂರುವ ಜಾಗಕ್ಕೆ ಟೇಪು ಅಂಟಿಸಿ, ಅದರ ಮೇಲೆ ಮೇಣ ತಿಕ್ಕುತ್ತಾರೆ. ರೆಸಿನ್ನಿನ ಒಂದು ಹನಿ ಬಣ್ಣದ ಮೇಲೆ ಬಿದ್ದರೂ ಬಣ್ಣ ಬೆಂದುಹೋಗುತ್ತದೆ. ಆಮೇಲೆ ರಬ್ಬರಿನ ಲೆಕ್ಕ. ಟಾಪಿಗೂ ಕಾರಿಗೂ ನಡುವೆ ರಬ್ಬರ್ ಬೀಡಿಂಗ್ ಬರುತ್ತದಲ್ಲವೆ? ಅದು ಒತ್ತಿದಾಗ ಎಷ್ಟು ದಪ್ಪ ಉಳಿಯುತ್ತದೆಂದು ಅಳೆದು, ಅಷ್ಟೇ ದಪ್ಪದ ರಟ್ಟಿನ ಪಟ್ಟಿಯನ್ನು ಮೊದಲೇ ಕೆಳಗೆ ಇಡಬೇಕು. ಇದನ್ನು ಮರೆತರೆ ಅಂಚು ಕಾರಿಗೆ ಅಂಟಿದಂತೆ ಚೆಂದ ಬರುತ್ತದೆ, ರಬ್ಬರು ಹಾಕಿದ ಕೂಡಲೆ ಟಾಪು ಎದ್ದು ನಿಲ್ಲುತ್ತದೆ.

ಹಳೆಯ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ಮೂರು ಮಿಲಿಮೀಟರ್ ದಪ್ಪದ ಟಾಪಾದರೆ ಒಂದೂವರೆ ಅಂಗುಲದಷ್ಟಾದರೂ ಇಳಿಜಾರು ಬೇಕು. ಹಳೆಯ ರೆಸಿನ್ನಿಗೂ ಹೊಸದಕ್ಕೂ ರಕ್ತಸಂಬಂಧವಿಲ್ಲ, ಒರಟಾದ ಮೈಯನ್ನು ಹಿಡಿದುಕೊಂಡು ಮಾತ್ರ ಹೊಸದು ನಿಲ್ಲುತ್ತದೆ. ಬಣ್ಣದ ಮೇಲೆ, ನುಣುಪಿನ ಮೇಲೆ ಹಾಕಿದ ಮ್ಯಾಟು ಇಂದಲ್ಲ ನಾಳೆ ಚಕ್ಕೆಯಾಗಿ ಏಳುತ್ತದೆ. ಮೊದಲು ಕಿರಿದಾದ ಪಟ್ಟಿ, ಅದರ ಮೇಲೆ ಅಗಲದ್ದು, ಅದರ ಮೇಲೆ ಇನ್ನೂ ಅಗಲದ್ದು. ಪ್ರತಿ ಪದರಕ್ಕೂ ರೋಲರ್ ಒತ್ತಿ ಒಳಗಿನ ಗಾಳಿಗುಳ್ಳೆ ಹೊರಡಿಸಬೇಕು. ಗಟ್ಟಿಯಾಗುವಾಗ ಈ ಮಾಲು ಕುಗ್ಗುತ್ತದೆ, ಅಂಚನ್ನು ಎಳೆಯುತ್ತದೆ. ಆದುದರಿಂದ ರಾತ್ರಿಯಿಡೀ ಕಾರಿನ ಮೇಲೆಯೇ ಬಿಡಬೇಕು. ಸಂಜೆಗೇ ಕಿತ್ತು ತೋರಿಸು ಎನ್ನುವ ಯಜಮಾನನಿಗೆ ಮರುದಿನ ಡೊಂಕು ಅಂಚು ಕಾದಿರುತ್ತದೆ.

ರೆಸಿನ್ ಕಲಸುವುದು ಮಾತ್ರ ಅಡಿಗೆಯವರಿಗೆ ಬೇಗ ಅರ್ಥವಾಗುತ್ತದೆ. ನೂರು ಪಾಲು ರೆಸಿನ್ನಿಗೆ ಒಂದೆರಡು ಪಾಲು ಕ್ಯಾಟಲಿಸ್ಟ್. ಮೈಸೂರುಪಾಕಿನ ಪಾಕದ ಹಾಗೆ, ಹದ ಬಂದದ್ದು ಕಾಣುವಷ್ಟರಲ್ಲಿ ಮೀರಿರುತ್ತದೆ. ಬಿಸಿಲಿನ ದಿನ ಬೇಗ, ಮಳೆಗಾಲದ ತಂಪಿನಲ್ಲಿ ನಿಧಾನ. ಆಳವಾದ ಡಬ್ಬದಲ್ಲಿ ರಾಶಿ ಕಲಸಿಟ್ಟರೆ ತನ್ನ ಕಾವಿಗೆ ತಾನೇ ಹೊಗೆಯೇಳುತ್ತದೆ; ಅಗಲ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಬೇಕು. ರೆಸಿನ್ನಿಗೆ ಹಾಕುವ ಕೋಬಾಲ್ಟ್ ಎಂಬ ನೇರಳೆ ಬಣ್ಣದ ದ್ರವವನ್ನೂ ಈ ಕ್ಯಾಟಲಿಸ್ಟನ್ನೂ ಎಂದೆಂದಿಗೂ ನೇರವಾಗಿ ಬೆರೆಸಕೂಡದು. ಸಿಡಿಯುತ್ತದೆ. ಒಂದನ್ನು ರೆಸಿನ್ನಿನಲ್ಲಿ ಪೂರಾ ಕದಡಿದ ಮೇಲೆಯೇ ಇನ್ನೊಂದು. ತಮ್ಮಂದಿರೇ, ಇದನ್ನು ನಿಮ್ಮ ಪಾಟಿಯ ಮೇಲೆ ಬರೆದಿಡಿ.

ಇನ್ನು ಬೋಲ್ಟಿನ ಕಥೆ. ಟಾಪಿನ ಎರಡು ಪಕ್ಕಗಳು ಹೊರಕ್ಕೆ ಅಗಲಿರುತ್ತವೆ. ನೆಲದಲ್ಲಿ ವರ್ಷಗಟ್ಟಲೆ ಬಿದ್ದ ಟಾಪು ತನ್ನ ಭಾರಕ್ಕೇ ಹಿಗ್ಗುತ್ತದೆ. ಬೋಲ್ಟು ಹಾಕಿ ಬಿಗಿದರೆ ಒಳಕ್ಕೆ ಬರುತ್ತದಲ್ಲ ಎಂದು ಎಲ್ಲರಿಗೂ ತೋರುತ್ತದೆ. ಬರುತ್ತದೆ, ನಿಜ. ಬಂದು ಒಂದು ತಿಂಗಳಿಗೆ ಬೋಲ್ಟಿನ ಸುತ್ತ ನಕ್ಷತ್ರದಂತೆ ಬಿರುಕು ಹರಡುತ್ತದೆ. ನಮ್ಮ ಸಂಘಕ್ಕೆ ಬರುವ ಒಬ್ಬ ಹುಡುಗನಿಗೆ ಇದೇ ಆಯಿತು. ಹೆಸರು ಬೇಡ, ವರ್ಕ್‌ಶಾಪಿನ ಹೆಸರೂ ಬೇಡ. ಟಾಪು ಅಗಲಿದೆ, ಒಳಗೆ ಪಟ್ಟಿ ಕಟ್ಟಿ ಸರಿಮಾಡಲು ಎರಡು ದಿನ ಬೇಕು ಎಂದು ಅವನು ಹೇಳಿದ್ದ. ನಾಲ್ಕು ಬೋಲ್ಟಿನ ಕೆಲಸಕ್ಕೆ ಎರಡು ದಿನವೇ ಎಂದು ಮೇಲಿನವರು ಗದರಿಸಿ ಬಿಗಿಸಿದರು. ಬಿರುಕು ಬಿಟ್ಟಾಗ ಗಿರಾಕಿ ತಿರುಗಿ ಬಂದ, ಹುಡುಗನ ಕೂಲಿಯಲ್ಲಿ ಹಣ ಮುರಿದರು. ನಾವು ನಾಲ್ವರು ಹೋಗಿ ಆ ಬಿರುಕನ್ನೇ ತೋರಿಸಿ ಮಾತನಾಡಿದೆವು. ಬಿರುಕುಗಳು ಬೋಲ್ಟಿನಿಂದ ಹೊರಟು ಸುತ್ತಲೂ ಹರಡಿದ್ದವು. ಹೊಸ ಅಂಚಿನ ಜೋಡಣೆಯಲ್ಲಿ ಒಂದು ಕೂದಲಷ್ಟು ಗೆರೆಯೂ ಇರಲಿಲ್ಲ. ಹುಡುಗನ ಕೆಲಸ ನಿಂತಿತ್ತು, ಬಿಗಿಸಿದ್ದು ನಿಂತಿರಲಿಲ್ಲ. ಮುರಿದ ಹಣದಲ್ಲಿ ಅರ್ಧ ತಿರುಗಿ ಬಂತು. ಉಳಿದರ್ಧ ಇನ್ನೂ ಬರಬೇಕು.

ಸರಿಯಾದ ದಾರಿ ಏನೆಂದರೆ, ಟಾಪಿನ ಒಳಗೆ ಅಡ್ಡಕೋಲು ಮತ್ತು ಹಗ್ಗ ಕಟ್ಟಿ ಬೇಕಾದ ಅಗಲಕ್ಕೆ ನಿಧಾನವಾಗಿ ತಂದು, ಹಾಗೆ ಹಿಡಿದಿರುವಾಗಲೇ ಒಳಮೈಗೆ ಅಡ್ಡಲಾಗಿ ಮ್ಯಾಟಿನ ಹೊಸ ಪದರ ಕೂರಿಸುವುದು. ಅದು ಗಟ್ಟಿಯಾದ ಮೇಲೆ ಹಗ್ಗ ಬಿಚ್ಚಿದರೂ ಟಾಪು ಬಹುಮಟ್ಟಿಗೆ ಅದೇ ಅಗಲದಲ್ಲಿ ನಿಲ್ಲುತ್ತದೆ. ಬೋಲ್ಟು ಕೂರುವ ಕಡೆ ತೂತು ತುಸು ದೊಡ್ಡದಾಗಿರಬೇಕು, ಒಳಗೆ ಲೋಹದ ಚಿಕ್ಕ ಕೊಳವೆ, ಕೆಳಗೆ ಅಗಲವಾದ ವಾಷರ್ ಬೇಕು. ಹಿಂದಿನ ಕಿಟಕಿಗೆ ಗಾಜಿನ ಬದಲು ಅಕ್ರಿಲಿಕ್ ಹಾಕುವುದುಂಟು. ಒಂದು ಮೀಟರ್ ಅಗಲದ ಅಕ್ರಿಲಿಕ್ ೩೦ ಡಿಗ್ರಿ ಬಿಸಿಯೇರಿದರೆ ಎರಡು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಅದಕ್ಕೆ ಉಸಿರಾಡಲು ಜಾಗ ಬಿಡದೆ ಸ್ಕ್ರೂ ಹೊಡೆದರೆ ಮೊದಲ ಬೇಸಿಗೆಗೇ ಬಾಯಿ ಬಿಡುತ್ತದೆ.

ಯಜಮಾನರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಟಾಪು ಮಳೆಗಾಳಿಗೆ ಮಾತ್ರ. ಕಾರು ಮಗುಚಿದರೆ ತಲೆ ಕಾಯುವ ಕಬ್ಬಿಣದ ಕಮಾನಲ್ಲ ಅದು. ಗಟ್ಟಿ ಎಂಬ ಹೆಸರು ಕೇಳಿ ಮೋಸ ಹೋಗುವವರಿದ್ದಾರೆ.

ಈಗ ನಮಗೆ ಎಲ್ಲಕ್ಕಿಂತ ಹೆಚ್ಚಿನ ವಿಷಯ: ಧೂಳು. ಉಜ್ಜುವಾಗ ಏಳುವ ಧೂಳಿನಲ್ಲಿ ಗಾಜಿನ ಮುರುಕುಗಳಿರುತ್ತವೆ. ಕತ್ತು, ಮೊಣಕೈ ತುರಿಸುವುದು ಎಲ್ಲರಿಗೂ ಗೊತ್ತು; ಎದೆಯೊಳಗೆ ಹೋಗುವುದು ಕಾಣುವುದಿಲ್ಲ. ಗಿರಣಿಯ ಕಾರ್ಡಿಂಗ್ ಖಾತೆಯಲ್ಲಿ ದುಡಿದ ಹಿರಿಯರು ಈ ಸಭೆಯಲ್ಲಿದ್ದಾರೆ. ಹತ್ತಿಯ ಧೂಳು ಏನು ಮಾಡಿತೆಂದು ಅವರ ಕೆಮ್ಮು ಹೇಳುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಸಣ್ಣ ಧೂಳನ್ನು ತಡೆಯುವ ಮಾಸ್ಕೇ ಬೇಕು. ಸಾಧ್ಯವಾದ ಕಡೆ ನೀರು ಹಾಕಿ ಉಜ್ಜಬೇಕು. ರೆಸಿನ್ನಿನ ಆ ಘಾಟು ವಾಸನೆ ಸ್ಟೈರೀನ್ ಎಂಬ ವಸ್ತುವಿನದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೧೮ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಧೂಳಿನ ಮಾಸ್ಕು ಈ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಬೇರೆಯ, ಇದ್ದಿಲು ತುಂಬಿದ ಡಬ್ಬಿಯ ಮಾಸ್ಕು ಉಂಟು. ಬಾಗಿಲು ಕಿಟಕಿ ತೆರೆದು ಗಾಳಿ ಆಡಿಸಬೇಕು. ಕ್ಯಾಟಲಿಸ್ಟಿನ ಒಂದು ಹನಿ ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಕನ್ನಡಕ ಹಾಕದೆ ಬಾಟಲಿ ಮುಟ್ಟಬೇಡಿ. ಹಾರಿದರೆ ತಡಮಾಡದೆ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ನೀರು ಹರಿಸಿ, ಆಮೇಲೆ ನೆಟ್ಟಗೆ ಆಸ್ಪತ್ರೆಗೆ. ಕೈ ತೊಳೆಯುವ ಅಸಿಟೋನು ಪೆಟ್ರೋಲಿನಷ್ಟೇ ಬೇಗ ಹತ್ತಿಕೊಳ್ಳುತ್ತದೆ. ಬೀಡಿ ಸೇದುವವರು ರಸ್ತೆಗೆ ಹೋಗಿ ಸೇದಿ ಬನ್ನಿ.

ಟಾಪಿಗೆ ರೇಟು ಹೇಳುವಾಗ ಈ ಮಾಸ್ಕು, ಕನ್ನಡಕ, ಕೈಗವಸುಗಳ ಹಣವನ್ನೂ ಸೇರಿಸಿ ಹೇಳಬೇಕೆಂದು ನಮ್ಮ ಅಭಿಪ್ರಾಯ. ಅಳೆಯುವುದಕ್ಕೆ ಎಷ್ಟು ಹೊತ್ತು, ಅಂಚು ಕಟ್ಟುವುದಕ್ಕೆ ಎಷ್ಟು, ಒಣಗಲು ಬಿಡುವ ರಾತ್ರಿ ಎಷ್ಟು ಎಂದು ಕಾಗದದಲ್ಲಿ ಬರೆದು ಕೊಟ್ಟರೆ ನಾಲ್ಕು ಬೋಲ್ಟಿನ ಮಾತು ಏಳುವುದಿಲ್ಲ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಬಾಗಿಲ ಗಾಜು ಏರಿಸಿ, ರಬ್ಬರಿಗೂ ಗಾಜಿಗೂ ನಡುವೆ ಕಾಗದದ ಚೂರು ಸಿಕ್ಕಿಸಿ ಎಳೆಯಿರಿ. ಸುತ್ತಲೂ ಒಂದೇ ಬಿಗಿಯಲ್ಲಿ ಬರಬೇಕು. ಒಬ್ಬನನ್ನು ಒಳಗೆ ಕೂರಿಸಿ ಪೈಪಿನಿಂದ ನೀರು ಬಿಡಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ನೀರು ಯಾವ ಸಂದಿಯಿಂದ ಬಂತೆಂದು ಗೊತ್ತಾಗುವುದಿಲ್ಲ. ಹೊಂಡದ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ತಂದು ಮತ್ತೊಮ್ಮೆ ನೀರು ಬಿಡಿ. ನಮ್ಮ ಶಹರದಲ್ಲಿ ಹೊಂಡದ ರಸ್ತೆಗೆ ಹುಡುಕಬೇಕಾಗಿಲ್ಲ.

ತೆಗೆದಿಟ್ಟ ಟಾಪನ್ನು ನೆಲದಲ್ಲಿ ಒಗೆಯಬಾರದು. ಕಾರಿನ ಅಗಲಕ್ಕೆ ಸರಿಯಾದ ಮರದ ಕುದುರೆ ಮಾಡಿ ಅದರ ಮೇಲೆ ಕೂರಿಸಿ, ಬೋಲ್ಟು ವಾಷರುಗಳನ್ನು ಚೀಲದಲ್ಲಿ ಹಾಕಿ ಒಳಗೇ ಕಟ್ಟಿಡಬೇಕು. ಇಲ್ಲಿ ಮೇಜಿನ ಮೇಲೆ ಹುಡುಗರು ಎರಡು ತುಂಡು ತಂದಿಟ್ಟಿದ್ದಾರೆ. ಒಂದು ಇಳಿಜಾರು ಉಜ್ಜಿ ಕಟ್ಟಿದ್ದು, ಇನ್ನೊಂದು ಬಣ್ಣದ ಮೇಲೆಯೇ ಅಂಟಿಸಿದ್ದು. ಒಬ್ಬೊಬ್ಬರಾಗಿ ಮುಂದೆ ಬಂದು ಬಗ್ಗಿಸಿ ನೋಡಿ. ಅಂಚು ಕೈ ಕೊಯ್ಯುತ್ತದೆ, ಪಕ್ಕದಲ್ಲಿ ಕೈಗವಸು ಇದೆ, ಹಾಕಿಕೊಳ್ಳಿ.